ರದ್ದಾಗದ ಪತ್ರ

ಸ್ಥಾನ ಕೈತಪ್ಪುವ ಹಿಂದಿನ ದಿನವೂ ಪಕ್ಷದ ಅಧ್ಯಕ್ಷರ ಮನೆಯ ಹಜಾರದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಮೂವತ್ತು ಕುರ್ಚಿ, ಮೂವತ್ತೂ ಭರ್ತಿ. ಗೋಡೆಗೆ ಒರಗಿ ನಿಂತವರು ಬೇರೆ. ಎಲ್ಲರ ಕೈಯಲ್ಲೂ ನಂಬರಿನ ಚೀಟಿ. ಗಂಡ ಮರೆತು ಬಂದಿದ್ದ ಕನ್ನಡಕ ಕೊಡಲು ಬಂದ ಕ್ಷೌರಿಕನ ಹೆಂಡತಿ ಒಳಗೆ ಹೋಗಲು ದಾರಿ ಕಾಣದೆ ಬಾಗಿಲಲ್ಲೇ ನಿಂತಳು.

"ಚೀಟಿ ಎಲ್ಲಮ್ಮ?" ಎಂದ ಒಬ್ಬ.

"ನನ್ನ ಗಂಡನ್ನ ನೋಡೋಕೂ ಚೀಟಿ ಬೇಕಾ?"

ಜನ ನಕ್ಕು ದಾರಿ ಬಿಟ್ಟರು. ಒಳಗಿನ ಕೋಣೆಯಲ್ಲಿ ವಯಸ್ಸಾದ ಅಧ್ಯಕ್ಷರು ಕಣ್ಣು ಮುಚ್ಚಿ, ಕುತ್ತಿಗೆ ಎತ್ತಿ ಕೂತಿದ್ದರು. ಅವಳ ಗಂಡ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದ. ಹದಿನೆಂಟು ವರ್ಷದಿಂದ ಅವನ ದಿನ ಶುರುವಾಗುತ್ತಿದ್ದುದೇ ಹಾಗೆ. ಏಳಕ್ಕೆ ಅಲ್ಲಿ ಕ್ಷೌರ, ಎಂಟಕ್ಕೆ ತನ್ನ ಅಂಗಡಿ.

ಮರುದಿನ ಪಕ್ಷದವರು ಮತ ಹಾಕಿ ಅವರನ್ನು ಇಳಿಸಿದರು. ಕರಿಬೇವಿನ ಎಲೆ ಎತ್ತಿ ಬದಿಗಿಟ್ಟ ಹಾಗೆ. ಅದರ ಮರುದಿನ ಹಜಾರದಲ್ಲಿ ಮೂವತ್ತು ಕುರ್ಚಿಗಳಿದ್ದವು, ಅಷ್ಟೇ.

ಕುರ್ಚಿ ಹೋದ ಮೇಲೆ ಇಂಥವರು ಏನು ಮಾಡುತ್ತಾರೆ ಎಂದು ಬೀದಿಯಲ್ಲಿ ಚರ್ಚೆಯೋ ಚರ್ಚೆ. ಹೊಸ ಪಕ್ಷ ಕಟ್ತಾರೆ ಎಂದರು ಕೆಲವರು. ಪುಸ್ತಕ ಬರೆದು ಎಲ್ಲರ ಮಾನ ಕಳೀತಾರೆ ಎಂದರು ಕೆಲವರು. ಈ ಮನುಷ್ಯ ಯಾವುದನ್ನೂ ಮಾಡಲಿಲ್ಲ. ಕ್ಷೌರ ಆಯಿತು, ಇಸ್ತ್ರಿ ಅಂಗಿ ಹಾಕಿಕೊಂಡರು, ಮೇಜಿನ ಹಿಂದೆ ಕೂತು ಕೂಗಿದರು: "ಒಂದನೇ ನಂಬರು ಬರಲಿ."

ಯಾರೂ ಬರಲಿಲ್ಲ. ಆದರೂ ಅವರು ಮಾತಾಡಿದರು. "ಏನಪ್ಪಾ, ಮನೆ ಕಡೆ ಹೇಗಿದಾರೆ?" ಎಂದು ಗಾಳಿಯನ್ನು ಕೇಳಿ, ಉತ್ತರ ಕೇಳಿಸಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದು, ತಲೆಯಾಡಿಸಿದರು. ಆಮೇಲೆ ಎರಡನೇ ನಂಬರು. ಆಮೇಲೆ ಮೂರು.

ಪೆಟ್ಟಿಗೆ ಜೋಡಿಸುತ್ತಿದ್ದ ಕ್ಷೌರಿಕನಿಗೆ ನೋಡಲಾಗಲಿಲ್ಲ. ಹಜಾರಕ್ಕೆ ಹೋಗಿ ಕೊನೆಯ ಕುರ್ಚಿಯಲ್ಲಿ ಕೂತ. ಮೂವತ್ತನೇ ನಂಬರು ಕೂಗಿದಾಗ ಒಳಗೆ ಹೋಗಿ, "ನಮ್ಮ ಬೀದಿ ದೀಪ ಉರೀತಿಲ್ಲ ಸಾರ್" ಎಂದ. ಮುದುಕರ ಮುಖ ಅರಳಿತು. ಆಗ ಹತ್ತೂವರೆ.

ಅಂದಿನಿಂದ ದಿನಾ ಅದೇ. ಅಂಗಡಿಯ ಬಾಗಿಲು ತೆಗೆಯುವುದು ಹನ್ನೊಂದಕ್ಕೆ. ಅಷ್ಟರಲ್ಲಿ ಗಿರಾಕಿಗಳು ಎದುರಿನ ಅಂಗಡಿಯಲ್ಲಿ ಗಡ್ಡ ತೆಗೆಸಿಕೊಂಡು, "ಪಕ್ಷದ ಕೊನೇ ಕಾರ್ಯಕರ್ತ ಬಂದ ನೋಡ್ರಪ್ಪಾ" ಎಂದು ಅವನನ್ನು ಆಡಿಕೊಳ್ಳುತ್ತಿದ್ದರು.

"ಅವರಿಗೆ ತಲೆ ಕೆಟ್ಟಿದೆ, ಸರಿ. ನಿಮಗೇನು ಬಂದಿದೆ ರೀ?" ಎಂದು ರೇಗಿದಳು ಹೆಂಡತಿ.

"ಹದಿನೆಂಟು ವರ್ಷ ಕುತ್ತಿಗೆ ನನ್ನ ಕತ್ತಿಗೆ ಕೊಟ್ಟು ಕಣ್ಣು ಮುಚ್ಚಿದವರು ಕಣೇ. ಹೇಗೆ ಬಿಟ್ಟು ಬರಲಿ?"

"ಮನೇಲಿ ಕಣ್ಣು ಬಿಟ್ಕೊಂಡು ಕಾಯೋಳು ಲೆಕ್ಕಕ್ಕಿಲ್ವಾ?"

ಅವನು ನಕ್ಕ. ಯಾವ ಜಗಳವನ್ನೂ ಅವನು ಪೂರ್ತಿ ಆಡಿದವನಲ್ಲ.

ಎರಡು ತಿಂಗಳಲ್ಲಿ ಅವನ ಅಹವಾಲುಗಳು ಮುಗಿದವು. ದೀಪ ಆಯಿತು, ನಲ್ಲಿ ಆಯಿತು, ಚರಂಡಿ ಮೂರು ಸಲ ಆಯಿತು. ಒಂದು ದಿನ ಮುದುಕರು ಗದರಿದರು. "ಬರೀ ಚರಂಡಿ ತರ್ತೀಯಲ್ಲಯ್ಯ. ಮನುಷ್ಯರ ಕಷ್ಟ ತಗೊಂಡು ಬಾ."

ಬಾಯಿಗೆ ಬಂದದ್ದನ್ನು ಹೇಳಿದ. "ನಮ್ಮ ಬೀದೀಲಿ ಒಬ್ಬ ವಿಧವೆ ಇದಾಳೆ ಸಾರ್. ಒಂದು ಹೊಲಿಗೆ ಮೆಷಿನ್ ಸಿಕ್ಕಿದ್ರೆ..."

"ಹೆಸರು?"

ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದರು. ಅವನ ನಾಲಿಗೆಗೆ ಬಂದದ್ದು ಒಂದೇ ಹೆಂಗಸಿನ ಹೆಸರು.

ಸಂಜೆ ಮುದುಕರು ಬರೆದುಕೊಟ್ಟ ಪತ್ರವನ್ನು ಹೆಂಡತಿಯ ಮುಂದೆ ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕ. ಅಧ್ಯಕ್ಷರು ಎಂದು ಅಚ್ಚಾದ ಹಳೇ ಕಾಗದ. ಕೆಳಗೆ ಸಹಿ, ಮೊಹರು. ಅವಳು ಅಕ್ಷರ ಕೂಡಿಸಿಕೊಂಡು ಓದಿದಳು. ತನ್ನ ಹೆಸರು, ಮನೆ ನಂಬರು. 'ಈಕೆ ಪತಿಯನ್ನು ಕಳೆದುಕೊಂಡಿರುವುದನ್ನು ನಾನು ಖುದ್ದಾಗಿ ಬಲ್ಲೆ.'

ಅವಳು ಕಾಗದವನ್ನು ದೂರ ತಳ್ಳಿದಳು.

"ಎದುರಿಗೆ ಗುಂಡುಕಲ್ಲಿನ ಹಾಗೆ ನಿಂತಿದೀರಿ. ನನ್ನನ್ನ ವಿಧವೆ ಮಾಡಿಸ್ಕೊಂಡು ಬಂದ್ರಾ?"

"ಬರೀ ಕಾಗದ ಕಣೇ. ಆ ಸಹಿಗೆ ಈಗ ನಾಯೀನೂ ಬಾಲ ಅಲ್ಲಾಡಿಸಲ್ಲ."

"ಹರಿದು ಹಾಕಿ ಹಾಗಾದ್ರೆ."

ಹರಿಯಲು ಅವನಿಗೆ ಕೈ ಬರಲಿಲ್ಲ. "ಅವರು ಕೊಟ್ಟದ್ದು, ಅವರೇ ರದ್ದು ಮಾಡ್ಲಿ. ನಾಳೆ ಮಾಡಿಸ್ಕೊಂಡು ಬರ್ತೀನಿ, ಸರೀನಾ?"

ಕ್ಷೌರದ ಹೊತ್ತಿನಲ್ಲಿ ಅಹವಾಲು ಎತ್ತಬಾರದು ಎನ್ನುವುದು ಆ ಮನೆಯ ನಿಯಮ. ಮರುದಿನ ಕೆಲಸ ಮುಗಿಸಿ, ಪತ್ರ ಜೇಬಿನಲ್ಲಿಟ್ಟುಕೊಂಡು, ಅವನು ಸರದಿಗೆ ಕೂತ. ಮೂವತ್ತನೇ ನಂಬರು ಕೂಗಿದಾಗ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮುದುಕರ ಹೆಂಡತಿ ಬಂದು ಭುಜ ಮುಟ್ಟಿದರು. ಎದೆ ನಿಂತು ಒಂದು ಗಂಟೆಯಾದರೂ ಆಗಿದೆ ಎಂದರು ಡಾಕ್ಟರು.

ಮಣ್ಣು ಮಾಡಿ ಬಂದ ಮೇಲೆ ಆ ಯಜಮಾನಿ ಇವಳ ಪಕ್ಕ ಕೂತು ಮೆಲ್ಲಗೆ ಹೇಳಿದರು. "ಮೂವತ್ತು ಅಂತ ಕೂಗಿದ್ದು ಕೇಳಿಸ್ತಮ್ಮಾ. ಆಮೇಲೆ ಇವರು, ಕೂತ್ಕೊಳ್ಳಯ್ಯ, ಯಾಕೆ ಮುಖ ಬಾಡಿದೆ, ಅಂದ್ರು. ನಿನ್ನ ಗಂಡ ಒಳಗಿದಾನೆ ಅಂತಾನೇ ತಿಳ್ಕೊಂಡಿದ್ದೆ ನಾನು."

ಪತ್ರ ಅವನ ಜೇಬಿನಲ್ಲೇ ಇತ್ತು. ಅದರ ಮೇಲೆ ಹೊಸ ಬರಹ ಏನೂ ಇರಲಿಲ್ಲ.

ಹದಿನೈದು ದಿನ ಕಳೆದು ಅವಳು ಅದನ್ನು ತೆಗೆದುಕೊಂಡು ಹೋದಳು. ಅವಳಿಗೆ ಮೂವತ್ತೊಂದನೇ ನಂಬರು ಬಂತು. ಮೇಜಿನ ಮೇಲೆ ಪತ್ರ ಇಟ್ಟು, "ರದ್ದು ಮಾಡಿ" ಎಂದಳು.

"ಸಹಿ ಆದದ್ದನ್ನ ಒಬ್ಬನೇ ರದ್ದು ಮಾಡೋಕಾಗಲ್ಲಮ್ಮ. ಸಭೆ ಸೇರ್ಬೇಕು. ಇವತ್ತು ಹೊತ್ತಾಯ್ತು. ನಾಳೆ ಬಾ."

"ನಾಳೆ ಯಾರು ಬರ್ತಾರೆ?"

"ನಿನ್ನ ಗಂಡ ಬರ್ತಾನಲ್ಲ. ಅವನು ಯಾವತ್ತು ತಪ್ಪಿಸಿದಾನೆ?"

ಅವರ ಕೈ ನಡುಗುತ್ತಿತ್ತು. ಪೆನ್ನು ಮೇಜಿಗೆ ತಾಗಿ ಟಕಟಕ ಅನ್ನುತ್ತಿತ್ತು. ಮುಖ ಮಾತ್ರ ನುಣ್ಣಗಿತ್ತು, ಗಲ್ಲದ ಕೆಳಗೂ ಒಂದು ಕೂದಲಿಲ್ಲ. ಕ್ಷೌರ ಯಾರು ಮಾಡ್ತಾರೆ ಎಂದು ಕೇಳಬೇಕೆಂದಿದ್ದವಳು ಪತ್ರ ಎತ್ತಿಕೊಂಡು ಹೊರಬಂದಳು.

ರದ್ದಾದರೆ ಸತ್ತವನು ಎದ್ದು ಬರುವುದಿಲ್ಲ. ಅಷ್ಟು ಬುದ್ಧಿ ಅವಳಿಗೂ ಇದೆ. ಆದರೆ ಮಾಡಿಸಿಕೊಂಡು ಬರುತ್ತೇನೆ ಎಂದು ಹೇಳಿ ಹೋದವನು ಅವನು. ಅದಾಗದೆ ತಾನು ವಿಧವೆ ಎಂದು ಒಪ್ಪಿಕೊಳ್ಳಲು ಅವಳಿಗೆ ಮನಸ್ಸಿಲ್ಲ.

ಈಗ ದಿನಾ ಏಳಕ್ಕೆ ಅಲ್ಲಿರುತ್ತಾಳೆ. ಯಜಮಾನಿಗೆ ಮಂಡಿನೋವು, ಹಜಾರ ನೋಡಿಕೊಳ್ಳುವವರಿಲ್ಲ. ನಂಬರು ಕೂಗುವ ಮೊದಲು ಒದ್ದೆ ಬಟ್ಟೆ ಹಿಡಿದು ಒಂದೊಂದೇ ಕುರ್ಚಿ ಒರೆಸುತ್ತಾಳೆ. ಇಪ್ಪತ್ತೊಂಬತ್ತು ಕುರ್ಚಿಗಳ ಮೇಲೆ ಧೂಳು ಕೂತಿರುತ್ತದೆ. ಅವನು ಕೂರುತ್ತಿದ್ದ ಕೊನೆಯದರ ಮೇಲೆ ಇರುವುದಿಲ್ಲ. ಅದನ್ನೂ ಒರೆಸುತ್ತಾಳೆ.