ಕರೆಂಟು ಹೋದಾಗ ಉಳಿದ ಆರು ಚೌಕ

ಕದ್ರಾದ ವಿದ್ಯುದಾಗಾರದಲ್ಲಿ ಕೆಲಸ ಮಾಡುವ ನನ್ನ ಹಬ್ಬುವಾಡದ ಮನೆಯಲ್ಲೇ ಇವತ್ತು ಸಂಜೆ ಕರೆಂಟು ಹೋಯಿತು ಸ್ನೇಹಿತರೇ. ನಗುವವರು ನಕ್ಕುಬಿಡಿ.

ಒಂಬತ್ತು ವರ್ಷದ ನನ್ನ ಮಗಳು ಶಮಾ ಎರಡು ನಿಮಿಷ ಒಂದು ಕಡೆ ಕೂರುವವಳಲ್ಲ. ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ ಎಂದ ಡಾಕ್ಟರು, ಮಾತ್ರೆಯ ಮಾತು ಆಮೇಲೆ, ಮೊದಲು ಐದು ವಾರ ಕಂಪ್ಯೂಟರಿನಲ್ಲಿ ನೆನಪಿನ ತರಬೇತಿ ಆಗಲಿ ಎಂದಿದ್ದಾರೆ. ಪರದೆಯ ಮೇಲೆ ಚೌಕಗಳು ಒಂದೊಂದಾಗಿ ಬೆಳಗುತ್ತವೆ. ಕೊನೆಯದರಿಂದ ಶುರುಮಾಡಿ ಮೊದಲಿನದರ ತನಕ ಒತ್ತುತ್ತ ಬರಬೇಕು. ಇವತ್ತು ಮೊದಲ ಸಲ ಆರು ಚೌಕ ಬೆಳಗಿದವು. ಅವಳು ಒತ್ತುವ ಮುಂಚೆಯೇ ಪರದೆ ಕಪ್ಪಾಯಿತು.

"ಇರ್ಲಿ, ಎದ್ದೇಳು" ಎಂದೆ.

"ಮಾತಾಡ್ಬೇಡ ಅಪ್ಪಾ. ಆರೂ ತಲೇಲಿ ಅದೆ, ಬಿದ್ದೋಗ್ತದೆ."

ಕಣ್ಣು ಮುಚ್ಚಿ ಹದಿನೈದು ನಿಮಿಷ ಕೂತಳು. ತುಟಿ ಮಾತ್ರ ಅಲುಗುತ್ತಿತ್ತು. ನನ್ನ ಅಮ್ಮ ಬಂದು ಅವಳ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ ಅಲಾ. ಮತ್ತೆಂತಕ್ಕೆ ಹೀಂಗೆ ಕೂತದೆ ಇದು?"

ಕರೆಂಟು ಬಂತು. ಕಂಪ್ಯೂಟರು ಮೊದಲಿಂದ ಶುರುವಾಗಿ ಎರಡೇ ಚೌಕ ತೋರಿಸಿತು.

"ಕಂಪ್ಯೂಟರಿಗೇ ಮರ್ತೋಯ್ತು" ಎಂದ ಶಮಾ, ಬೆರಳಿನಿಂದ ಪರದೆಯ ಆರು ಕಡೆ ಮುಟ್ಟಿ ತೋರಿಸಿ ಅಂಗಳಕ್ಕೆ ಓಡಿದಳು. ಸರಿಯೋ ತಪ್ಪೋ, ನನಗೆ ನೆನಪಿರಲಿಲ್ಲ.

ಕ್ಲಿನಿಕ್ಕಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. "ಸ್ಕೋರ್ ಬಂದ್ರೆ ಮಾತ್ರ ಬರ್ಕೊಳ್ಳೂದು ಸರ್" ಎಂದಳು ಅಲ್ಲಿಯ ಹುಡುಗಿ.

ಹುಟ್ಟಿದಾಗಿನಿಂದ ಮಗಳು ಇಷ್ಟು ಹೊತ್ತು ಕದಲದೆ ಕೂತದ್ದು ಇದೇ ಮೊದಲು. ಡಾಕ್ಟರಿಗೆ ಹೋಗುವ ಹಾಳೆಯಲ್ಲಿ ಇವತ್ತು ಅವಳು ಗೈರುಹಾಜರು.