ಗಸ್ತಿನ ದಾರಿಯಿಂದ ನಾನು ತೆಗೆದುಹಾಕಿದ ಬಾವಿ

ಅಜ್ಜಿಯೊಬ್ಬಳು ಹಣೆಯ ರಕ್ತ ಒರೆಸಿಕೊಳ್ಳುತ್ತಾ ಠಾಣೆಗೆ ಬಂದಳು. ಹೊಡೆದವರ ಮೇಲೆ ದೂರು ಹೇಳುತ್ತಾಳೆ ಎಂದುಕೊಂಡೆ.

“ಯಪ್ಪಾ, ಹುಸೇನಪ್ಪಗ ಆರಾಮ ಇಲ್ಲೇನು? ಮೂರು ದಿನಾತು, ಬಾವಿ ಕಡಿಗೆ ಬಂದೇ ಇಲ್ಲ.”

ನಿಜಾಮರ ಕಾಲದ ರಾಯಚೂರು ಅದು. ನನಗಾಗ ಇಪ್ಪತ್ತು, ಠಾಣೆಯ ಹೊಸ ಗುಮಾಸ್ತ. ಈಗ ತೊಂಬತ್ತೆಂಟು... ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ.

ಪೇದೆಗಳು ಕಡಿಮೆ, ಬೀದಿಗಳು ಹೆಚ್ಚು. ಕಡಿಮೆ ನಡಿಗೆಯಲ್ಲಿ ಎಲ್ಲ ಬೀದಿ ಮುಗಿಯುವಂತೆ ಗಸ್ತಿನ ನಕ್ಷೆ ಮಾಡಲು ಸಾಹೇಬರು ನನಗೆ ಹೇಳಿದ್ದರು. ಠಾಣೆಯಲ್ಲಿ ನಕ್ಷೆ ಓದಬಲ್ಲವನು ನಾನೊಬ್ಬನೇ. ಹಾಳೂರಿಗೆ ಉಳಿದವನೇ ಗೌಡ!

ಹೆಜ್ಜೆ ಎಣಿಸಿ ಬೀದಿ ಬೀದಿ ಅಳೆದೆ.

ಹಳೆಯ ಪೇದೆ ಹುಸೇನಪ್ಪ ದಿನಾ ಬೆಳಿಗ್ಗೆ ಸುತ್ತು ಹಾಕಿಕೊಂಡು ಒಂದು ಬಾವಿಯ ಹತ್ತಿರ ಹೋಗಿ, ಬೇವಿನ ಮರಕ್ಕೆ ಒರಗಿ ಬೀಡಿ ಸೇದುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಆ ಸುತ್ತನ್ನೇ ಮೊದಲು ಹೊಡೆದುಹಾಕಿದೆ.

“ಅದೊಂದು ಇರ್ಲಿ ಬಿಡ್ರಿ” ಅಂದ. ಯಾಕೆಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಅಂದು ಠಾಣೆಯಲ್ಲಿ ಅಜ್ಜಿ ಹೇಳಿದಳು...

“ಅಂವ ಅಲ್ಲಿ ನಿಂತ್ರ ನಮ್ಮ ಕೇರಿಯವ್ರನ್ನ ಯಾರೂ ತಡೀತಿರಲಿಲ್ಲರೀ. ಅಷ್ಟರಾಗ ಕೊಡ ತುಂಬ್ಕೋತಿದ್ವಿ. ಇವತ್ತು ನೀರಿಲ್ದ ತಾಳಲಾರದ ಹಂಗ ಹೋದ್ವಿ, ಕಲ್ಲು ಒಗದ್ರು.”



ನಾನೂ ಮಾನ್ವಿಯ ಅಂಥದೇ ಕೇರಿಯವನು. ನಮ್ಮವ್ವ ಬಾವಿಯಿಂದ ದೂರ ಕೂತು, ಯಾರಾದರೂ ಕೊಡಕ್ಕೆ ನೀರು ಸುರಿಯಲಿ ಎಂದು ಕಾಯುತ್ತಿದ್ದಳು. ನಾಲ್ಕಕ್ಷರ ಕಲಿತ ಮಗನಿಗೆ ಬಾವಿಯ ಹತ್ತಿರ ಕಂಡದ್ದು ಬೀಡಿ ಮಾತ್ರ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಷ್ಟರಲ್ಲಿ ಒಳಗಿನಿಂದ ಸಾಹೇಬರ ದನಿ. “ಶಹಭಾಸ್! ನಕ್ಷಾ ಭಾಳ ಚಂದ ಆಗ್ಯಾದ. ದೇವದುರ್ಗ, ಮಾನ್ವಿಗೂ ಹೋಗಿ ಹಿಂಗ ಮಾಡ್ಕೊಂಡು ಬಾ.”

ಆ ಸುತ್ತು ಮತ್ತೆ ಬೇಕೆಂದರೆ ಸಾಹೇಬರು ಕಾರಣ ಕೇಳುತ್ತಾರೆ. ಕಾರಣ ಹೇಳಿದರೆ ಊರಿನ ದೊಡ್ಡವರ ಕಿವಿಗೆ ಬೀಳುತ್ತದೆ, ಹುಸೇನಪ್ಪನಿಗೆ ಎತ್ತಂಗಡಿ ಖಾತ್ರಿ. ಅವನು ಯಾಕೆ ಬಾಯಿ ಬಿಡಲಿಲ್ಲ ಎಂದು ಆಗ ತಿಳಿಯಿತು.

ಅಂದೇ ನಕ್ಷೆ ತೆಗೆದು ಬಾವಿಯನ್ನು ಮತ್ತೆ ಸೇರಿಸಿದೆ. ಸಾಹೇಬರು ಕೇಳಬಾರದೆಂದು ಪಕ್ಕದಲ್ಲಿ ಬರೆದೆ: ‘ಇಲ್ಲಿ ಕಳ್ಳರ ಕಾಟ, ಪೇದೆ ಅರ್ಧ ತಾಸು ನಿಲ್ಲಬೇಕು.’

ದೇವದುರ್ಗದಲ್ಲಿ ಬೀದಿ ಅಳೆಯುವ ಮೊದಲು, ಪೇದೆಗಳು ಎಲ್ಲೆಲ್ಲಿ ನಿಲ್ಲುತ್ತಾರೆ ಎಂದು ಕೇಳಿಕೊಂಡೆ.

ಮಾನ್ವಿಯಲ್ಲಿ ಅವ್ವ ಕಾಯುತ್ತಿದ್ದ ಬಾವಿಗೆ ಯಾವ ಪೇದೆಯೂ ಬರುತ್ತಿರಲಿಲ್ಲ. ಆ ನಕ್ಷೆಯಲ್ಲೂ ಒಂದು ಸುತ್ತು ಹೆಚ್ಚಿಗೆ ಹಾಕಿ, ಅದೇ ಸಾಲು ಬರೆದೆ.

ಕಳ್ಳರ ಕಾಟ ಅಂತ ಬರೆದದ್ದು ಸುಳ್ಳೇ? ನೀವೇ ಹೇಳಿ.