ಖೋ ಕೊಡುವವರೆಗೆ

ಮಧುಗಿರಿ ಬಸ್ ನಿಲ್ದಾಣದಲ್ಲಿ ರಾಧಾಮಣಿ ಮೇಡಂ ಹುಡುಗಿಯರನ್ನು ಮೂರನೆಯ ಸಲ ಎಣಿಸಿದರು. ಮೂರು ಸಲವೂ ಹನ್ನೊಂದೇ. ಬೆಳಿಗ್ಗೆ ಶಿರಾದ ಮೈದಾನಕ್ಕೆ ಕರೆದುಕೊಂಡು ಹೋಗಿದ್ದು ಹನ್ನೆರಡು ಜನರನ್ನು. ಖೋ ಖೋದಲ್ಲಿ ಗೆದ್ದ ಶೀಲ್ಡು ಕೈಯಲ್ಲಿದೆ, ಒಂಬತ್ತನೇ ನಂಬರಿನ ಹರ್ಷಿತಾ ಇಲ್ಲ.

"ಶಿರಾದಲ್ಲಿ ಬಸ್ ಹತ್ತಿದಾಗ ಒಂಬತ್ತು ಅಂತ ಕೂಗಿದ್ದು ಯಾರು?"

ಶ್ರೀಲತಾ ಅಳುವುದಕ್ಕೇ ಶುರುಮಾಡಿದಳು. "ನಾನೇ ಮೇಡಂ. ಅವ್ಳು ಹಿಂದ್ಗಡೆ ಸೀಟಲ್ಲವ್ಳೆ ಅನ್ಕಂಡು ಕೂಗ್ಬುಟ್ಟೆ."

ಬೈಯಲು ಬಾಯಿ ಬರಲಿಲ್ಲ. ಹೆಸರಿನ ಬದಲು ನಂಬರು ಕೂಗಿಸುವ ಪದ್ಧತಿ ಅವರದೇ. ಡೈರಿಗೆ ಹಾಲು ಹಾಕಿ ತಡವಾಗಿ ಪ್ರಾಕ್ಟೀಸಿಗೆ ಬರುವವಳ ನಂಬರನ್ನು ಪಕ್ಕದವಳು ಕೂಗುತ್ತಿದ್ದುದೂ ಅವರಿಗೆ ಗೊತ್ತಿತ್ತು. ಪಾಪ, ಹೋಗಲಿ ಎಂದು ಸುಮ್ಮನಿದ್ದುಬಿಟ್ಟಿದ್ದರು.

ಮೂವತ್ತಮೂರು ವರ್ಷದ ಸರ್ವೀಸು, ಈ ತಿಂಗಳ ಕೊನೆಗೆ ನಿವೃತ್ತಿ. ವೈ.ಎನ್.ಹೊಸಕೋಟೆಯ ಕಡಲೆಕಾಯಿ ಹೊಲದ ಬದುವಿನ ಮೇಲೆ ಬರಿಗಾಲಲ್ಲಿ ಓಡಿ ಬೆಳೆದ ಈ ಹೆಂಗಸು ಕೊರಟಗೆರೆ ಕಡೆಯ ಹಳ್ಳಿಶಾಲೆಗೆ ಪಿ.ಟಿ. ಟೀಚರಾಗಿ ಬಂದಾಗ ಅಲ್ಲಿ ಮೈದಾನವೇ ಇರಲಿಲ್ಲ. ಜಾಲಿ ಕಡಿಸಿ, ಟ್ರ್ಯಾಕ್ಟರ್ ಇದ್ದವರಿಗೆಲ್ಲ ಗಂಟುಬಿದ್ದು ನೆಲ ಸಮ ಮಾಡಿಸಿದರು. ಹೆಣ್ಣುಮಕ್ಕಳಿಗೆ ಚಡ್ಡಿ ಹಾಕಿಸುತ್ತಾಳೆಂದು ಮೂಗು ಮುರಿದವರ ಮನೆಗಳಿಗೇ ಕೊರೊನಾ ಕಾಲದಲ್ಲಿ ಸ್ಕೂಟರಿನ ಮೇಲೆ ಅಕ್ಕಿ, ಮಾತ್ರೆ ತಲುಪಿಸಿದರು. ಇವೆಲ್ಲ ನಡೆದದ್ದು ಒಂದೇ ಮಾತಿನ ಬಲದ ಮೇಲೆ. ಪ್ರತಿ ಪಂದ್ಯದ ಹಿಂದಿನ ದಿನ ಮನೆಮನೆಗೆ ಹೋಗಿ, ತಾಯಿಯ ಎದುರು ನಿಂತು, "ನಿಮ್ಮ ಹೊಸ್ತಿಲಿಗೇ ತಂದು ಬಿಡ್ತೀನಿ" ಎನ್ನುತ್ತಿದ್ದರು. ಒಮ್ಮೆಯೂ ತಪ್ಪಿರಲಿಲ್ಲ. ಈ ಸಲ ಹರ್ಷಿತಾಳ ತಾಯಿ ಮುನಿಯಮ್ಮ, "ನಿಮ್ ಮುಖ ನೋಡ್ಕಂಡು ಕಳುಸ್ತಾ ಇವ್ನಿ ಮೇಡಮ್ಮೋರೆ" ಎಂದಿದ್ದಳು.

ಜೊತೆಗೆ ಬಂದಿದ್ದ ಡ್ರಾಯಿಂಗ್ ಮೇಷ್ಟ್ರು ಶಂಕರಲಿಂಗಪ್ಪ ದನಿ ತಗ್ಗಿಸಿದರು. "ಬೇಜಾರ್ ಮಾಡ್ಕೋಬೇಡಿ ಮೇಡಂ. ಈ ವಯಸ್ಸಿನ ಹುಡ್ಗೀರು, ಯಾರ ಜೊತೆಗಾದ್ರೂ..."

"ಬಾಯ್ ಮುಚ್ಚಿ ಸಾರ್. ಇವ್ರನ್ನ ಅವರವರ ಮನೆಗೆ ತಲುಪಿಸಿ, ಅಷ್ಟು ಸಾಕು."

ಅವರ ಬಾಯಿಯೇನೋ ಮುಚ್ಚಿತು. ಆದರೆ ಶಿರಾಕ್ಕೆ ವಾಪಸು ಹೊರಟ ಬಸ್ಸಿನಲ್ಲಿ ಆ ಮಾತು ಮೇಡಂ ಪಕ್ಕದಲ್ಲೇ ಸೀಟು ಹಿಡಿದು ಕೂತಿತು. ಹುಡುಗಿಯ ಹತ್ತಿರ ಫೋನಿಲ್ಲ. ಕ್ರೀಡಾಕೂಟದವರು ಫೋನ್ ಎತ್ತುತ್ತಿಲ್ಲ. ಪೊಲೀಸರಿಗೆ ಹೇಳಿದರೆ ನಾಳೆ ಹುಡುಗಿಯ ಹೆಸರು ಊರೆಲ್ಲ ಆಡುತ್ತದೆ; ಹೇಳದೆ ಏನಾದರೂ ಆಗಿಬಿಟ್ಟರೆ? ದರಿದ್ರ ಬಸ್ಸು ಕೈ ತೋರಿಸಿದವರಿಗೆಲ್ಲ ನಿಲ್ಲುತ್ತಿತ್ತು. ಮುನಿಯಮ್ಮನ ಫೋನು ಎರಡು ಸಲ ಬಂತು. ಎರಡು ಸಲವೂ ಅವರು ಎತ್ತಲಿಲ್ಲ. ಜೀವಮಾನದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು.

ಅರ್ಧ ದಾರಿಯಲ್ಲಿ ತಟ್ಟನೆ ನೆನಪಾಯಿತು. ಜರ್ಸಿ ತುಂಬಿದ ಚೀಲವೂ ಇಲ್ಲ! ಆ ಚೀಲ ಕಾಯಲು ಹರ್ಷಿತಾಳನ್ನು ಕೂರಿಸಿದ್ದು ತಾವೇ. "ನಾನು ಬಂದು ಖೋ ಕೊಡೋವರೆಗೂ ಏಳ್ಬೇಡ" ಎಂದು ಹೇಳಿ ಸರ್ಟಿಫಿಕೇಟಿಗೆ ಹೋಗಿದ್ದರು. ಆಟದಲ್ಲಿ ಕೂತವಳು ಬೆನ್ನ ಮೇಲೆ ಕೈ ಬಿದ್ದು ಖೋ ಎನ್ನುವ ತನಕ ಏಳುವಂತಿಲ್ಲ. ಆ ನಿಯಮವನ್ನು ಅವರು ಶಾಲೆಯ ಎಲ್ಲ ಕೆಲಸಕ್ಕೂ ಹಚ್ಚಿದ್ದರು. ಸರ್ಟಿಫಿಕೇಟಿನಲ್ಲಿ ಹೆಸರು ತಪ್ಪಾಗಿದೆಯೆಂದು ಅಲ್ಲಿ ಜಗಳವಾಡಿ, ಹಾಗೇ ಬಸ್ಸಿಗೆ ಓಡಿದ್ದರು.

ಮೈದಾನದ ಗೇಟು ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಚಹಾದಂಗಡಿಯ ಮುದುಕ ಎದ್ದು ಬಂದ. "ಆ ಬೇಟಿ ನಿಮ್ದಾ? ಎಷ್ಟ್ ಕರುದ್ರೂ ಬರಲ್ಲ ಅಂತೈತೆ. ಚಾಯ್ ತಗಂಡ್ ಹೋದ್ರೂ ಮುಟ್ಟಿಲ್ಲ. ಅದ್ಕೇ ನಾನೂ ಅಂಗ್ಡಿ ಮುಚ್ಚಿಲ್ಲ."

ಖಾಲಿ ಮೈದಾನದ ಅಂಚಿನ ಬೇವಿನಮರದ ಕೆಳಗೆ, ಚೀಲ ತಬ್ಬಿಕೊಂಡು ಹರ್ಷಿತಾ ಕುಕ್ಕರಗಾಲಲ್ಲಿ ಕೂತಿದ್ದಳು. ರಾಧಾಮಣಿ ಹಿಂದಿನಿಂದ ಹೋಗಿ ಬೆನ್ನ ಮೇಲೆ ಕೈ ಇಟ್ಟರು. "ಖೋ" ಎಂದರು. ಹುಡುಗಿ ಎದ್ದಳು, ಜೋಮು ಹಿಡಿದ ಕಾಲು ನಿಲ್ಲದೆ ಅವರ ಮೇಲೇ ಬಿದ್ದಳು. ಇಂಥವಳ ಮೇಲೆ ಅನುಮಾನಪಟ್ಟೆನಲ್ಲ ಎಂದು ಮೇಡಂಗೆ ನಾಚಿಕೆಯಾಯಿತು.

ಊರು ಮುಟ್ಟಿದಾಗ ಹರ್ಷಿತಾ ಪಿಸುಗುಟ್ಟಿದಳು. "ಬಸ್ ಕೆಟ್ಟೋಗಿತ್ತು ಅಂತೀನಿ ಮೇಡಂ."

"ಬೇಡ ಕಣಮ್ಮ."

ಮುನಿಯಮ್ಮ ಹೊಸ್ತಿಲಲ್ಲೇ ನಿಂತಿದ್ದಳು. ರಾಧಾಮಣಿ ನಡೆದದ್ದನ್ನೆಲ್ಲ ಹೇಳಿದರು, ಮರೆತದ್ದು ತಾವೇ ಎಂದೂ ಹೇಳಿದರು.

"ನೀವು ಬರ್ದೇ ಇದ್ದಿದ್ರೆ?" ಎಂದಳು ಮುನಿಯಮ್ಮ.

"ಬಂದೇ ಬರ್ತಾರೆ ಅಂತ ನಂಗೊತ್ತಿತ್ತು ಕಣಮ್ಮ" ಎಂದಳು ಹರ್ಷಿತಾ.

ಮುನಿಯಮ್ಮ ಮಗಳನ್ನು ಒಳಗೆಳೆದುಕೊಂಡಳು, ತಲೆಯಿಂದ ಕಾಲಿನವರೆಗೆ ತಡವಿ ನೋಡಿದಳು. ಕದ ಮುಚ್ಚುತ್ತಾಳೆಂದುಕೊಂಡು ರಾಧಾಮಣಿ ಮೆಟ್ಟಿಲು ಇಳಿದರು.

"ಮೇಡಮ್ಮೋರೆ" ಎಂದು ಹಿಂದಿನಿಂದ ದನಿ ಬಂತು. "ಮುಂದಿನ್ ತಿಂಗ್ಳಿಂದ ಇವಳ್ನ ಕರ್ಕಂಡ್ ಹೋಗಾಕೆ ಯಾರ್ ಬತ್ತಾರೋ, ಅವ್ರಿಗೆ ಸರ್ಯಾಗ್ ಎಣ್ಸೋದ್ ಕಲ್ಸಿ ಹೋಗಿ."

ರಾಧಾಮಣಿ ಬೀದಿಯಲ್ಲೇ ನಿಂತು ಅತ್ತುಬಿಟ್ಟರು.